ಬಿಳಿಗಿರಿಯ ಕಾಡೂ ತಪ್ಪಲಿನ ಹೊಲವೂ



ಕಾಡಂಚಿನ ಒಂದು ಹಳ್ಳಿಯಲ್ಲಿ ಮುಸುಕಿನ ಜೋಳದ ಬಿತ್ತನೆಯ ವಿಚಾರ ಹೇಳಿ ಮುಗಿಸಿ ಜಗುಲಿಯ ಮೇಲೆ ಕುಳಿತಿದ್ದೆ. ವಯಸ್ಸಾದ ರೈತರೊಬ್ಬರು ಎಲೆಅಡಿಕೆ ಚೀಲ ಬಿಚ್ಚುತ್ತಾ ಬೆಟ್ಟದ ಕಡೆ ಕೈ ತೋರಿಸಿ ಕೇಳಿದರು: "ಅಲ್ಲ ಸ್ವಾಮಿ, ಆ ಕಾಡ ಕಾಪಾಡಿ ಕಾಪಾಡಿ ಅಂತ ಎಲ್ಲಾರೂ ಹೇಳ್ತೀರಿ. ಕಾಡಿಂದ ನಮ್ಗೇನ್ ಬಂದದ? ಆನೆ ಬತ್ತದ, ಹಂದಿ ಬತ್ತದ. ಇನ್ನೇನ್ ಬತ್ತದ?"

ನಾನು ಕೂಡಲೆ ಉತ್ತರ ಹೇಳಲಿಲ್ಲ. ಹಿಂದಿನ ರಾತ್ರಿ ತಾನೆ ಅವರ ಬಾಳೆತೋಟಕ್ಕೆ ಆನೆ ನುಗ್ಗಿ ಗೊನೆ ಬಿಟ್ಟ ಗಿಡಗಳನ್ನು ನೆಲಕ್ಕೆ ಮಲಗಿಸಿತ್ತು. ಹೊಟ್ಟೆ ಉರಿದವರ ಮುಂದೆ ಉಪದೇಶ ಹೇಳಬಾರದು. ಆದರೂ ಆ ಹಿರಿಯರ ಪ್ರಶ್ನೆ ನ್ಯಾಯವಾದದ್ದು. ಕಾಡಿನಿಂದ ಬರುವುದೇನು, ಹೋಗುವುದೇನು ಎಂಬ ಲೆಕ್ಕವನ್ನು ರೈತನಿಗೆ ಸರಿಯಾಗಿ ಒಪ್ಪಿಸಬೇಕಾದ್ದು ನಮ್ಮಂಥವರ ಕೆಲಸ. ಇಂದು ಆ ಲೆಕ್ಕವನ್ನೇ ತಮ್ಮ ಮುಂದೆ ಇಡುತ್ತೇನೆ. ಲೆಕ್ಕಕ್ಕೆ ಎತ್ತಿಕೊಂಡಿರುವುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡು.

ಬೆಟ್ಟದ ಪರಿಚಯ

ಬಿಳಿಗಿರಿರಂಗನ ಬೆಟ್ಟವನ್ನು ತಾವು ಬಲ್ಲಿರಿ. ಜಾತ್ರೆಗೆ ಹೋಗಿ ರಂಗಸ್ವಾಮಿಯ ದರ್ಶನ ಮಾಡಿ ಬಂದವರು ನಮ್ಮಲ್ಲಿ ಬಹಳ ಮಂದಿ. ಗುಡಿಯ ಸುತ್ತಲಿನ ಕಾಡನ್ನು ಮಾತ್ರ ನಾವು ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡುತ್ತೇವೆ. ಈ ಕಾಡಿಗೆ ವನ್ಯಧಾಮವೆಂಬ ರಕ್ಷಣೆ ಮೊದಲು ದೊರೆತದ್ದು 1974ರಲ್ಲಿ. 1987ರಲ್ಲಿ ಅದನ್ನು ವಿಸ್ತರಿಸಿ ಸುಮಾರು 540 ಚದರ ಕಿಲೋಮೀಟರ್ ಮಾಡಿದರು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು.

ಈ ಬೆಟ್ಟಸಾಲು ನಿಂತಿರುವ ಜಾಗವೇ ವಿಶೇಷ. ಪಶ್ಚಿಮಕ್ಕೆ ಮಲೆನಾಡಿನ ಸಹ್ಯಾದ್ರಿ, ಪೂರ್ವಕ್ಕೆ ಪೂರ್ವಘಟ್ಟ. ಈ ಎರಡಕ್ಕೂ ನಡುವೆ ಸೇತುವೆಯ ಹಾಗೆ ಬಿಳಿಗಿರಿ ಇದೆ. ಆದ್ದರಿಂದ ಮಲೆನಾಡಿನ ಗಿಡವೂ ಬಯಲುಸೀಮೆಯ ಗಿಡವೂ ಇಲ್ಲಿ ಒಂದೇ ಬೆಟ್ಟದಲ್ಲಿ ಸಿಗುತ್ತವೆ. ಮುಂಗಾರು ಮಳೆಯೂ ಹಿಂಗಾರು ಮಳೆಯೂ ಎರಡೂ ಇಲ್ಲಿ ಬೀಳುತ್ತವೆ. ತಪ್ಪಲಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅಂದರೆ ಹಳೆಯ ಲೆಕ್ಕದಲ್ಲಿ 24 ಅಂಗುಲ ಮಳೆ. ಮೇಲೆ ಹೋದಂತೆ ಮಳೆ ಏರುತ್ತ ಹೋಗಿ ಎತ್ತರದ ಜಾಗಗಳಲ್ಲಿ ಇದರ ಹಲವು ಪಟ್ಟು ಆಗುತ್ತದೆ. ಇಲ್ಲಿನ ಅತಿ ಎತ್ತರದ ಶಿಖರವಾದ ಕತ್ತರಿಬೆಟ್ಟ ಸಮುದ್ರಮಟ್ಟದಿಂದ ಸುಮಾರು 1800 ಮೀಟರ್ ಎತ್ತರವಿದೆ.

ಮಳೆ ಬದಲಾದಂತೆ ಕಾಡೂ ಬದಲಾಗುತ್ತದೆ. ತಪ್ಪಲಿನಲ್ಲಿ ಮುಳ್ಳುಕಂಟಿಯ ಕುರುಚಲು ಕಾಡು. ಸ್ವಲ್ಪ ಮೇಲೆ ದಿಂಡಿಗ, ಮತ್ತಿ, ಹೊನ್ನೆ, ಬೀಟೆ, ನೆಲ್ಲಿ, ಅಳಲೆ, ತಾರೆ ಮುಂತಾದ ಎಲೆ ಉದುರಿಸುವ ಮರಗಳು. ಇನ್ನೂ ಮೇಲೆ ವರ್ಷವಿಡೀ ಹಸುರಾಗಿರುವ ದಟ್ಟ ಕಾಡು. ಎಲ್ಲಕ್ಕೂ ಮೇಲೆ ಹುಲ್ಲು ಹಾಸಿದ ಬೋಳುಬೆಟ್ಟ, ಅದರ ಕಣಿವೆಗಳಲ್ಲಿ ಶೋಲಾ ಎಂಬ ಕುಳ್ಳು ಮರಗಳ ಗುಂಪು. ಬೆಳಗ್ಗೆ ಎಳಂದೂರು ಬಿಟ್ಟವನು ಮಧ್ಯಾಹ್ನದೊಳಗೆ ಇಷ್ಟೆಲ್ಲ ಬಗೆಯ ಕಾಡನ್ನು ನೋಡಬಹುದು.

ಹೂ ಬಿಡುವ ಗಿಡಮರಗಳ ಜಾತಿಗಳೇ ಇಲ್ಲಿ ಸುಮಾರು 800. ಹಕ್ಕಿಗಳಲ್ಲಿ 250ಕ್ಕೂ ಹೆಚ್ಚು ಜಾತಿ. ನೂರಕ್ಕೂ ಮೀರಿದ ಬಗೆಯ ಚಿಟ್ಟೆಗಳು. ಹುಲಿ, ಚಿರತೆ, ಸೀಳುನಾಯಿ, ಕರಡಿ, ಆನೆ, ಕಾಟಿ, ಕಡವೆ, ಜಿಂಕೆ, ಕಾಡುಕುರಿ, ಕೊಂಡುಕುರಿ ಎಲ್ಲವೂ ಇವೆ. ಇನ್ನೂ ಹೆಸರಿಡದ ಹುಳಗಳು ಎಷ್ಟಿವೆಯೋ! 2022ರಲ್ಲಿ ಇಲ್ಲಿ ಸಿಕ್ಕ ಒಂದು ಹೊಸ ಕಣಜಕ್ಕೆ, ಈ ಕಾಡನ್ನು ನೋಡಿಕೊಂಡು ಬಂದ ಸೋಲಿಗರ ಗೌರವಾರ್ಥವಾಗಿ 'ಸೋಲಿಗ' ಎಂದೇ ವಿಜ್ಞಾನಿಗಳು ಹೆಸರಿಟ್ಟರು.

ಇಷ್ಟೊಂದು ಬಗೆ ಏಕೆ ಬೇಕು?

"ಮರ ಇದ್ದರೆ ಸಾಲದೆ? ನೀಲಗಿರಿಯನ್ನೇ ಸಾಲಾಗಿ ನೆಟ್ಟರೆ ಅದೂ ಕಾಡೇ ಅಲ್ಲವೆ?" ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ನಮ್ಮ ಹೊಲದಲ್ಲೇ ಇದೆ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುತ್ತಿದ್ದರು. ಏಕೆ? ಒಂದು ಬೆಳೆಗೆ ಮಳೆ ತಪ್ಪಿದರೆ ಇನ್ನೊಂದು ಕೈ ಹಿಡಿಯಲಿ ಎಂದು. ಒಂದಕ್ಕೆ ಬಂದ ಹುಳ ಮತ್ತೊಂದಕ್ಕೆ ಹತ್ತದಿರಲಿ ಎಂದು. ದ್ವಿದಳದ ಬೇರು ನೆಲಕ್ಕೆ ಸಾರ ಕೊಡಲಿ ಎಂದು. ಕಾಡೆಂದರೆ ಸಾವಿರಾರು ವರ್ಷಗಳಿಂದ ಯಾರೂ ಬಿತ್ತದೆ ತಾನೇ ಬೆಳೆದುಕೊಂಡ ಅಕ್ಕಡಿ ಬೇಸಾಯ. ಜೀವವೈವಿಧ್ಯ ಎಂಬ ದೊಡ್ಡ ಮಾತಿಗೆ ಅರ್ಥ ಇಷ್ಟೇ.

ಈ ಅಕ್ಕಡಿಯಲ್ಲಿ ಒಂದು ಜೀವಕ್ಕೂ ಇನ್ನೊಂದಕ್ಕೂ ಗಂಟು ಬಿದ್ದಿದೆ. ಅತ್ತಿ ಹಣ್ಣನ್ನು ಬಿಡಿಸಿದರೆ ಒಳಗೆ ಹುಳ ಕಾಣುವುದನ್ನು ನೀವೆಲ್ಲ ನೋಡಿದ್ದೀರಿ. ಅತ್ತಿಯ ಹೂವು ಕಾಯಿಯೊಳಗೇ ಅಡಗಿರುತ್ತದೆ. ಸಾಸಿವೆಗಿಂತ ಚಿಕ್ಕದಾದ ಒಂದು ಕಣಜ ಕಾಯಿಯ ತುದಿಯ ಕಿಂಡಿಯಿಂದ ಒಳಹೊಕ್ಕು, ಮೈಗಂಟಿದ ಪರಾಗವನ್ನು ಆ ಹೂಗಳಿಗೆ ತಗುಲಿಸಿ, ಅಲ್ಲೇ ಮೊಟ್ಟೆಯಿಡುತ್ತದೆ. ಆ ಕಣಜವಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ. ಅತ್ತಿ, ಆಲ, ಬಸರಿ ಹಣ್ಣು ಬಿಡದಿದ್ದರೆ ಬೇರೆ ಹಣ್ಣಿಲ್ಲದ ದಿನಗಳಲ್ಲಿ ಹಕ್ಕಿ, ಕೋತಿ, ಅಳಿಲುಗಳಿಗೆ ಹಸಿವು.

ನೆಲ್ಲಿಯ ಕತೆಯೂ ಹಾಗೆಯೇ. ನೆಲಕ್ಕೆ ಬಿದ್ದ ನೆಲ್ಲಿಕಾಯಿಯನ್ನು ಜಿಂಕೆ ತಿನ್ನುತ್ತದೆ, ಬೇರೆ ಕಡೆ ಹೋಗಿ ಮೆಲುಕು ಹಾಕುವಾಗ ಓಟೆಯನ್ನು ಉಗುಳುತ್ತದೆ. ಹೊಸ ಗಿಡ ಅಲ್ಲಿ ಹುಟ್ಟುತ್ತದೆ. ಕಕ್ಕೆಯ ಕಾಯಿಯನ್ನು ಕರಡಿ ತಿಂದು ಬೀಜವನ್ನು ದೂರಕ್ಕೆ ಸಾಗಿಸುತ್ತದೆ. ಕೂಲಿ ಕೇಳದ ಇಂಥ ಆಳುಗಳು ಕಾಡಿನಲ್ಲಿ ತುಂಬಾ ಇದ್ದಾರೆ.

ಬೆಟ್ಟದಿಂದ ಇಳಿದು ಬರುವುದೇನು?

ಮೊದಲನೆಯದು ನೀರು. ಸುವರ್ಣಾವತಿ ನದಿ, ಹೊನ್ನುಹೊಳೆ ಎಂದೂ ನಾವು ಕರೆಯುತ್ತೇವಲ್ಲ, ಅದಕ್ಕೆ ನೀರು ಹರಿದುಬರುವುದು ಈ ಬೆಟ್ಟಗಳಿಂದ. ಬರಿಯ ಬಂಡೆಯ ಮೇಲೆ ಒಂದು ಕೊಡ ನೀರು ಸುರಿದು ನೋಡಿ. ಕ್ಷಣದಲ್ಲಿ ಹರಿದು ಹೋಗುತ್ತದೆ. ಅದೇ ನೀರನ್ನು ತಿಪ್ಪೆಯ ಮೇಲೆ ಸುರಿದರೆ ಒಳಕ್ಕೆ ಇಂಗಿ ಬುಡದಲ್ಲಿ ಬಹಳ ಹೊತ್ತು ಜಿನುಗುತ್ತದೆ. ಕಾಡಿನಲ್ಲಿ ಮಳೆಯ ಹನಿ ಮೊದಲು ಎಲೆಗೆ ಬಡಿದು ತನ್ನ ರಭಸ ಕಳೆದುಕೊಳ್ಳುತ್ತದೆ. ಆಮೇಲೆ ತರಗೆಲೆಯ ಹಾಸಿಗೆಗೆ ಇಳಿಯುತ್ತದೆ. ಬೇರು, ಎರೆಹುಳ, ಗೆದ್ದಲು ಮಾಡಿದ ಸಂದಿಗಳ ಮೂಲಕ ನೆಲಕ್ಕೆ ಇಂಗುತ್ತದೆ. ಮೇಲಿನ ಹುಲ್ಲುಗಾವಲೂ ಶೋಲಾ ಕಾಡೂ ಈ ಕೆಲಸದಲ್ಲಿ ಬಹಳ ಗಟ್ಟಿ. ಮರಗಳೂ ಒಂದಷ್ಟು ನೀರು ಕುಡಿಯುತ್ತವೆ, ಇಲ್ಲವೆನ್ನಲಾಗದು. ಆದರೆ ಬೆಟ್ಟ ಬೋಳಾದರೆ ಮಳೆಗಾಲದಲ್ಲಿ ನೆರೆ, ಬೇಸಗೆಯಲ್ಲಿ ಬರಿ ಮರಳು, ಕೆರೆಯ ತುಂಬ ಹೂಳು.

ಎರಡನೆಯದು ಜೇನು. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ, ಈ ನಾಲ್ಕೂ ಇಲ್ಲಿವೆ. ಹೆಜ್ಜೇನು ಕಾಡಿನ ದೊಡ್ಡ ಮರ, ಬಂಡೆಗಳಲ್ಲಿ ಹುಟ್ಟು ಕಟ್ಟುತ್ತದೆ. ಹೂವಿನ ಕಾಲ ನೋಡಿಕೊಂಡು ಜಾಗ ಬದಲಿಸುತ್ತದೆ. ತಪ್ಪಲಿನ ಸೂರ್ಯಕಾಂತಿ, ಹುಚ್ಚೆಳ್ಳು, ಕುಂಬಳ, ಸೋರೆ, ಸೌತೆ ಇವಕ್ಕೆಲ್ಲ ಕಾಳು ಕಟ್ಟಬೇಕಾದರೆ, ಕಾಯಿ ಕಚ್ಚಬೇಕಾದರೆ ಜೇನು ಮುಟ್ಟಬೇಕು. ಸೂರ್ಯಕಾಂತಿಯ ತೆನೆ ದೊಡ್ಡದಾಗಿದ್ದೂ ನಡುವೆಲ್ಲ ಜೊಳ್ಳಾದದ್ದನ್ನು ನೀವು ಕಂಡಿರಬಹುದು. ಗೊಬ್ಬರ ಸಾಲಲಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಸಾಲದೇ ಹೋದದ್ದು ಜೇನು.

ಮೂರನೆಯದು ಕಾಣದ ಕಾವಲು. ಇಲಿ ಹಿಡಿಯುವ ಗೂಬೆ, ಕಾಯಿಕೊರಕವನ್ನು ಹೆಕ್ಕುವ ಹಕ್ಕಿ, ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಕಣಜ, ಇವುಗಳಿಗೆ ಕಾಡು ಮನೆ. ಹಿಂದೆ ಸತ್ತ ದನವನ್ನು ಊರಾಚೆ ಹಾಕಿದರೆ ರಣಹದ್ದುಗಳು ಬಂದು ಶುಚಿ ಮಾಡಿಹೋಗುತ್ತಿದ್ದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನ್ಯಾಕ್ ಎಂಬ ಔಷಧಿ ಹೆಣದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ನಾಡಿನಲ್ಲೆಲ್ಲ ಸತ್ತವು. 2006ರಲ್ಲಿ ದನಗಳಿಗೆ ಈ ಔಷಧಿಯನ್ನು ಕೊಡಬಾರದೆಂದು ನಿಷೇಧ ಬಂತು. ಒಂದು ಜೀವ ಹೋದಮೇಲೆ ಅದು ಮಾಡುತ್ತಿದ್ದ ಕೆಲಸದ ಬೆಲೆ ನಮಗೆ ತಿಳಿಯಿತು.

ಕಾಡಿನ ಮಕ್ಕಳು

ಬಿಳಿಗಿರಿಯ ವಿಚಾರ ಹೇಳುವಾಗ ಸೋಲಿಗರನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗದು. ಪೋಡುಗಳಲ್ಲಿ ವಾಸಿಸುವ ಇವರಿಗೆ ರಂಗಸ್ವಾಮಿ ದೇವರಷ್ಟೇ ಅಲ್ಲ, ಭಾವ. ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಆತ ಮದುವೆಯಾದ ಎಂಬುದು ಅವರ ನಂಬಿಕೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರ ಅವರಿಗೆ ಪೂಜ್ಯ. ಜೇನು ಇಳಿಸಿದಾಗ ಹುಟ್ಟಿನ ಒಂದು ಚೂರನ್ನು ಹುಲಿಗೆಂದು ನೆಲದ ಮೇಲೆ ಇಟ್ಟುಬರುವುದುಂಟು, ಏಕೆಂದರೆ ಪಾಪ, ಅದಕ್ಕೆ ಮರ ಹತ್ತಿ ಜೇನು ಕೀಳಲು ಬಾರದು!

ವನ್ಯಧಾಮವಾದ ಮೇಲೆ ಇವರ ಕುಮರಿ ಬೇಸಾಯವೂ ಬೇಟೆಯೂ ನಿಂತವು. ಮುಂದೆ ಜೇನು, ನೆಲ್ಲಿ, ಸೀಗೆ, ಪಾಚಿ ಸಂಗ್ರಹಕ್ಕೂ ತಡೆ ಬಂತು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ಗಮನಿಸತಕ್ಕ ಸಂಗತಿ. ಕಾಡನ್ನು ಕಾಯುವವರಿಗೆ ಕಾಡಿನಿಂದ ಅನ್ನ ಸಿಗಬೇಕು, ಅನ್ನ ಸಿಕ್ಕವನು ಕಾಡನ್ನು ಕಾಯುತ್ತಾನೆ.

ಕಾಡಿಗೆ ಹತ್ತಿದ ರೋಗ

ಹೊಲಕ್ಕೆ ಕಳೆ ಹತ್ತುವಂತೆ ಈ ಕಾಡಿಗೂ ಕಳೆ ಹತ್ತಿದೆ. ಲಂಟಾನ ಎಂಬ ಗಿಡವನ್ನು ನೀವು ಬೇಲಿಗಳಲ್ಲಿ ಕಾಣುತ್ತೀರಿ. ಕೆಲವರು ರೋಜಾಗಿಡವೆನ್ನುತ್ತಾರೆ. ಅಮೆರಿಕ ಖಂಡದ ಗಿಡ. ಇಂಗ್ಲಿಷರು ಹೂವಿನ ಅಂದಕ್ಕಾಗಿ ಇನ್ನೂರು ವರ್ಷಗಳ ಹಿಂದೆ ನಮ್ಮ ದೇಶಕ್ಕೆ ತಂದರು. ಬಿಳಿಗಿರಿಯಲ್ಲಿ 1997ರಲ್ಲಿ ಸಂಶೋಧಕರು ಗುರುತು ಹಾಕಿದ ಜಾಗಗಳ ಪೈಕಿ ನೂರಕ್ಕೆ ಸುಮಾರು 40ರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ನೂರಕ್ಕೆ ಸುಮಾರು 80ರಲ್ಲಿ ಹಬ್ಬಿತ್ತು. ಅದರ ಅಡಿಯಲ್ಲಿ ಹುಲ್ಲು ಬೆಳೆಯದು. ಎಳೆಯ ಮರದ ಸಸಿ ಮೇಲೇಳದು. ಹುಲ್ಲಿಲ್ಲದ ಕಾಡಿನಲ್ಲಿ ಜಿಂಕೆ, ಕಾಟಿ, ಆನೆ ಏನನ್ನು ತಿನ್ನಬೇಕು? ಹಸಿದ ಪ್ರಾಣಿ ನಮ್ಮ ಹೊಲದ ಕಡೆ ಮುಖ ಮಾಡುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ರೋಗ ಬಂದಳಿಕೆ. ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ಕೊಂಬೆ ಸೊರಗುವುದನ್ನು ಬಲ್ಲಿರಿ. ಕಾಡಿನ ನೆಲ್ಲಿ ಮರಗಳಿಗೂ ಅದು ಹತ್ತಿದೆ. ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ.

ಈ ಎರಡೂ ಹೆಚ್ಚಾದದ್ದೇಕೆ ಎಂದು ಸೋಲಿಗ ಹಿರಿಯರನ್ನು ಕೇಳಿದರೆ ಅವರು ಬೆಂಕಿಯ ಮಾತು ಎತ್ತುತ್ತಾರೆ. ಹಿಂದೆ ಚಳಿ ಕಳೆಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವವಿರುವಾಗ, ಅವರು ತರಗು ಬೆಂಕಿ ಹಾಕುತ್ತಿದ್ದರು. ಅದು ಮೊಣಕಾಲಿನ ಎತ್ತರದಲ್ಲಿ ತರಗೆಲೆಯನ್ನು ಸುಟ್ಟು ಆರಿಹೋಗುತ್ತಿತ್ತು. ಕಳೆಯ ಸಸಿ ಸಾಯುತ್ತಿತ್ತು, ದೊಡ್ಡ ಮರ ಉಳಿಯುತ್ತಿತ್ತು. ವನ್ಯಧಾಮವಾದ ಮೇಲೆ ಆ ಬೆಂಕಿ ನಿಂತಿತು, ಕಳೆ ಏರಿತು ಎಂಬುದು ಅವರ ವಾದ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಇದನ್ನು ಕೇಳಿ, "ಹಾಗಾದರೆ ನಾವೂ ಬೆಂಕಿ ಹಾಕೋಣ" ಎಂದುಕೊಳ್ಳಬೇಡಿ! ಅಂದಿನ ಕಾಡು ಬೇರೆ, ಇಂದಿನದು ಬೇರೆ. ಇಂದು ಆಳೆತ್ತರದ ಲಂಟಾನ ಬೇಸಗೆಯಲ್ಲಿ ಒಣಗಿ ಪುಳ್ಳೆಯಂತೆ ನಿಂತಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದ ಕಿಡಿ ಅದನ್ನು ಏಣಿಯಂತೆ ಹತ್ತಿ ಮರದ ನೆತ್ತಿಗೆ ಹೋಗುತ್ತದೆ. ಕಾಡಿಗೆ ಬೆಂಕಿಯಿಡುವುದು ಅಪರಾಧ ಕೂಡ.

ನಷ್ಟದ ಲೆಕ್ಕ

ಇನ್ನು ಆ ಹಿರಿಯರ ಬಾಳೆತೋಟಕ್ಕೆ ಬರೋಣ. ಆನೆಗೆ ನಮ್ಮ ಸರ್ವೆ ನಂಬರು ತಿಳಿಯದು. ಬಿಳಿಗಿರಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೂ ಸತ್ಯಮಂಗಲದ ಕಾಡಿಗೂ ಅದು ನೀರು, ಮೇವು ಹುಡುಕಿ ನಡೆಯುತ್ತದೆ. ಎಡೆಯಾರಳ್ಳಿ ದೊಡ್ಡಸಂಪಿಗೆ ನಡುವಿನ ದಾರಿಯಂಥ ಆನೆದಾರಿಗಳು ಕಿರಿದಾದಷ್ಟೂ ಅದು ಊರೊಳಗೆ ನುಗ್ಗುತ್ತದೆ.

ಒಂದು ವರ್ಷದ ಬೆಳೆ ಒಂದು ರಾತ್ರಿಯಲ್ಲಿ ಹೋದಾಗ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನಲ್ಲಿ ಎರಡು ಕೆಲಸಗಳನ್ನು ದಯಮಾಡಿ ಮಾಡಬೇಡಿ. ಒಂದು, ಬೇಲಿಗೆ ಕಂಬದಿಂದ ನೇರ ವಿದ್ಯುತ್ ಹರಿಸುವುದು. ಆ ತಂತಿ ಆನೆಯನ್ನು ಮಾತ್ರ ಹುಡುಕಿ ಕೊಲ್ಲುವುದಿಲ್ಲ. ನೀರು ಕಟ್ಟಲು ರಾತ್ರಿ ಹೋದ ಮನೆಯ ಮಗನನ್ನೂ ಕೊಲ್ಲುತ್ತದೆ. ಎರಡು, ಹುಲಿ ಕೊಂದ ದನಕ್ಕೆ ವಿಷ ಹಾಕುವುದು. 2025ರ ಜೂನ್ ತಿಂಗಳಲ್ಲಿ ಪಕ್ಕದ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಹಸು ಹೋದವನ ಸಂಕಟ ದೊಡ್ಡದು. ಆದರೆ ಅದರಿಂದ ಹಸು ತಿರುಗಿ ಬರಲಿಲ್ಲ, ಜೈಲಿನ ಬಾಗಿಲು ತೆರೆಯಿತು. ಹುಲಿ ಇಲ್ಲದ ಕಾಡಿನಲ್ಲಿ ಹಂದಿ, ಜಿಂಕೆಗಳನ್ನು ಹದ್ದಿನಲ್ಲಿಡುವವರು ಯಾರು? ಆ ಹಂದಿ ಬರುವುದು ನಮ್ಮ ಹೊಲಕ್ಕೇ ಅಲ್ಲವೆ?

ನಾವು ಮಾಡಬಹುದಾದ್ದು

ಮೊದಲು ಬೆಳೆಯ ಆಯ್ಕೆ. ಕಾಡಿಗೆ ಅಂಟಿದ ಹೊಲದಲ್ಲಿ ಬಾಳೆ, ಕಬ್ಬು, ಹಲಸು ಇಟ್ಟರೆ ಆನೆಗೆ ಔತಣ ಕೊಟ್ಟಂತೆ. ಅಂಚಿಗೆ ಆನೆ ಅಷ್ಟಾಗಿ ತಿನ್ನದ ಮೆಣಸಿನಕಾಯಿ, ಅರಿಶಿನ ಹಾಕಿ, ಒಳಕ್ಕೆ ಬೇರೆ ಬೆಳೆ ಇಡಿ. ಸೌರ ಬೇಲಿಯನ್ನು ನಾಲ್ಕಾರು ಮಂದಿ ಕೂಡಿ ಹಾಕಿಸಿ. ಬೇಲಿಯ ಬುಡದ ಹುಲ್ಲು ತಂತಿಗೆ ತಾಗಿದರೆ ಅದರ ಬಲ ಹೋಗುತ್ತದೆ. ಆದ್ದರಿಂದ ಬುಡ ಸವರುವುದನ್ನು ಮರೆಯಬೇಡಿ.

ಬೆಳೆಯೋ ದನವೋ ಹೋದರೆ ಕೂಡಲೆ ಚಿತ್ರ ತೆಗೆದು, ಪಹಣಿ ಮತ್ತು ಬ್ಯಾಂಕಿನ ಪುಸ್ತಕದ ಪ್ರತಿಯೊಡನೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಡಿ. ಅವರು ಬಂದು ನೋಡುವವರೆಗೆ ಜಾಗವನ್ನು ಹಾಗೆಯೇ ಬಿಡಿ. ಅರ್ಜಿ ತಡವಾದಷ್ಟೂ ಪರಿಹಾರವೂ ತಡ.

ಹೊಲದ ಬದುವಿನ ಲಂಟಾನವನ್ನು ಬರಿದೆ ಸವರಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ. ಕಾಯಿ ಹಣ್ಣಾಗುವ ಮೊದಲೇ, ಕಾಂಡ ಬೇರನ್ನು ಸೇರುವ ಕಡೆ ನೆಲದೊಳಕ್ಕೆ ಗುದ್ದಲಿ ಹಾಕಿ ಕಡಿದು ಬುಡಮೇಲು ಮಾಡಿ ಒಣಗಿಸಿ. ತೆರವಾದ ಜಾಗದಲ್ಲಿ ಹುಲ್ಲನ್ನೋ ಹೊಂಗೆಯನ್ನೋ ಹಾಕಿ, ಖಾಲಿ ಬಿಡಬೇಡಿ. ಇದರ ಎಲೆ ತಿಂದ ದನಕ್ಕೆ ಕಾಮಾಲೆ ಬರುತ್ತದೆ ಎಂಬುದೂ ನೆನಪಿರಲಿ. ಬಂದಳಿಕೆಯನ್ನು ಹಣ್ಣಾಗುವ ಮುನ್ನ, ಅದು ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆ ಸಮೇತ ಕಡಿಯಿರಿ.

ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಔಷಧಿ ಸಿಂಪಡಿಸಬೇಡಿ. ಜೇನು ಹೊಲದಲ್ಲಿರುವ ಹೊತ್ತು ಅದು. ಅಗತ್ಯವೇ ಬಿದ್ದರೆ ಸಂಜೆ, ಜೇನು ಗೂಡು ಸೇರಿದ ಮೇಲೆ ಸಿಂಪಡಿಸಿ. ಬೇಸಗೆಯಲ್ಲಿ ಕಾಡಂಚಿನ ಹೊಲದ ಕೂಳೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿ.

ದನಕರುಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿ. ನಮ್ಮ ದನದ ರೋಗ ಕಾಟಿಗೂ ಹತ್ತುತ್ತದೆ. 1968ರಲ್ಲಿ ಬಂಡೀಪುರ, ಮುದುಮಲೆಯ ಕಡೆ ದೊಡ್ಡರೋಗ ಬಂದು ಕಾಟಿಗಳು ರಾಶಿ ರಾಶಿಯಾಗಿ ಸತ್ತಿದ್ದವು. ಆ ರೋಗವನ್ನು 2011ರ ಹೊತ್ತಿಗೆ ಲೋಕದಿಂದಲೇ ಅಳಿಸಿದ್ದು ಚುಚ್ಚುಮದ್ದಿನ ಬಲದಿಂದ.

ಮಹಿಳೆಯರಿಗೆ ಒಂದು ಮಾತು. ಸೌದೆಗೆ ಕಾಡಿಗೆ ಹೋಗುವ ಅಪಾಯವೂ ಶ್ರಮವೂ ನಿಮಗೇ ಹೆಚ್ಚು. ಬದುವಿನಲ್ಲಿ ಹೊಂಗೆ, ಗೊಬ್ಬರದ ಗಿಡ ಬೆಳೆಸಿದರೆ, ಕೊಟ್ಟಿಗೆಯ ಸಗಣಿಯಿಂದ ಅನಿಲದ ಒಲೆ ಹಚ್ಚಿದರೆ ಆ ದಾರಿ ತಪ್ಪುತ್ತದೆ.

ಅಂದು ಜಗುಲಿಯ ಮೇಲೆ ನೀರು, ಜೇನು, ಕಾವಲು ಎಂದು ಬೆರಳು ಮಡಚಿ ಇಷ್ಟನ್ನೂ ಆ ಹಿರಿಯರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಸುಮ್ಮನೆ ಕೇಳಿದರು. ಕೊನೆಗೆ ಹೇಳಿದರು: "ನಿಮ್ ಲೆಕ್ಕ ಸರಿ ಅದ ಸ್ವಾಮಿ. ಆದ್ರ ನಂದೂ ಬರ್ಕೊಳ್ಳಿ. ಬಾಳೆ ಹೋಯ್ತಲ್ಲ, ಅದೂ ಲೆಕ್ಕಾನೇ."

ಅವರ ಮಾತು ದಿಟ. ಲಾಭವೆಲ್ಲ ಊರಿಗೆ, ನಷ್ಟವೆಲ್ಲ ಕಾಡಂಚಿನ ಒಬ್ಬ ರೈತನಿಗೆ ಎಂದಾದರೆ ಯಾವ ಕಾಡೂ ಉಳಿಯದು. ಅಂದೇ ಇಬ್ಬರೂ ಕುಳಿತು ಪರಿಹಾರದ ಅರ್ಜಿ ಬರೆದೆವು. ಬಿದ್ದ ಗಿಡಗಳನ್ನು ಎಣಿಸಿದೆವು. ಬೆಟ್ಟ ಉಳಿಯಬೇಕು, ತಪ್ಪಲಿನ ಒಕ್ಕಲೂ ಉಳಿಯಬೇಕು. ಎರಡೂ ಬದಿಯ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡು ನಡೆಯೋಣ.